ಸ್ವೆಟರ್ ಹಾಕಿಕೊಂಡು ಬರೆದ ಮೂವತ್ತೇಳು ಡಿಗ್ರಿ

ನಾನು ಕೆಲಸ ಮಾಡಿದ ಕಾರ್ಖಾನೆಯ ಪರೀಕ್ಷಾ ಕೋಣೆಗೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಕಳೆದ ತಿಂಗಳು ನನಗೆ ಫೋನು ಮಾಡಿದ್ದಳು. ಮುಖಪರಿಚಯ ಇಲ್ಲ. "ಲಲಿತಾ ಮೇಡಂ, ನಮ್ಮ ಫಾರ್ಮಿನಲ್ಲಿ ಮೊದಲನೇ ಸಾಲು 'ಇಂದು ಪರೀಕ್ಷಕರ ಮೈಗೆ ಚಳಿಯೋ, ಹದವೋ, ಸೆಕೆಯೋ' ಅಂತ ಇದೆ. ಈಗೆಲ್ಲ ಕಂಪ್ಯೂಟರೇ ಅಳೀತದೆ. ಈ ಸಾಲು ಎಂತಕ್ಕೆ? ಯಾರನ್ನ ಕೇಳಿದ್ರೂ ನಿಮ್ಮನ್ನೇ ಕೇಳು ಅಂತ್ರು" ಎಂದಳು. ಹಿಂದೆ ಇನ್ನಿಬ್ಬರು ಕಿಸಿಕಿಸಿ ನಗುವುದು ಕೇಳಿಸಿತು. ನಗಲಿ, ಅಡ್ಡಿಯಿಲ್ಲ. ಆ ಸಾಲು ಬಂದದ್ದು ನನ್ನಿಂದಲೇ. ನಾನು ಮಾಡಿದ ಒಂದು ತಪ್ಪಿಗೆ ಒಂದು ಬೋಟು, ಅದರಲ್ಲಿದ್ದ ಏಳು ಜನ, ಸಮುದ್ರದ ನಡುವೆ ಬೆಂಕಿಗೆ ಸಿಕ್ಕಬಹುದಿತ್ತು. ಸಿಗಲಿಲ್ಲ. ಫೋನಿನಲ್ಲಿ ಹೇಳಿ ಮುಗಿಯುವ ಸಂಗತಿ ಅಲ್ಲವೆಂದು ಬರೆಯಲು ಕೂತಿದ್ದೇನೆ.

ನಾನು ಹೊನ್ನಾವರದವಳು. ಐಟಿಐ ಮುಗಿಸಿ ಕುಮಟಾದ ಆ ಸಣ್ಣ ಕಾರ್ಖಾನೆಗೆ ಸೇರಿ, ನಿವೃತ್ತಿಯಾಗುವ ತನಕ ದಿನಾ ಬಸ್ಸಿನಲ್ಲಿ ಹೋಗಿ ಬಂದೆ. ಬ್ಯಾಟರಿ ಚಾರ್ಜರ್, ಸ್ಟೆಬಿಲೈಸರ್, ಬೋಟಿನ ದೀಪಕ್ಕೆ ಬೇಕಾಗುವ ಪೆಟ್ಟಿಗೆಗಳು, ಇವು ನಮ್ಮ ಸರಕು. ಮಾಡುವವರು ಬೇರೆ, ಅವು ಸುಡುತ್ತವೆಯೋ ಇಲ್ಲವೋ ಎಂದು ನೋಡುವವಳು ನಾನು. ಮದುವೆ ಮನೆಯಲ್ಲಿ ಯಾರಾದರೂ "ಎಂತ ಕೆಲಸ?" ಎಂದು ಕೇಳಿದರೆ "ಪೆಟ್ಟಿಗೆ ಬಿಸಿ ಮಾಡುವುದು" ಎನ್ನುತ್ತಿದ್ದೆ. ಮುಂದಿನ ಪ್ರಶ್ನೆಯೇ ಬರುತ್ತಿರಲಿಲ್ಲ.

ಪ್ರತಿ ಪೆಟ್ಟಿಗೆಯ ಬೆನ್ನಿಗೆ ಒಂದು ತಗಡಿನ ಪಟ್ಟಿ ಇರುತ್ತದೆ. ವೋಲ್ಟು, ಆಂಪಿಯರು ಎಲ್ಲ ಆದಮೇಲೆ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಡಿಗ್ರಿ. ಜನ ಅದನ್ನು ಓದುವುದೇ ಇಲ್ಲ, ಓದಿದವರು ಪೆಟ್ಟಿಗೆಯ ಬಿಸಿ ಎಂದು ತಿಳಿಯುತ್ತಾರೆ. ಅಲ್ಲ, ಅದು ಪೆಟ್ಟಿಗೆಯ ಸುತ್ತಲಿನ ಗಾಳಿಯ ಬಿಸಿ. ಗಾಳಿ ಅಷ್ಟು ಡಿಗ್ರಿ ಇರುವ ತನಕ ಮಾತ್ರ ನಾವು ಜವಾಬ್ದಾರರು ಎಂದು ಅದರ ಅರ್ಥ. ಮನೆಯಲ್ಲಿಡುವ ಪೆಟ್ಟಿಗೆಗೆ ಹೆಚ್ಚಾಗಿ ನಲವತ್ತು ಬರೆಯುತ್ತಿದ್ದೆವು. ಪೆಟ್ಟಿಗೆ ತನ್ನ ಕಾವನ್ನು ಗಾಳಿಯ ಕಾವಿನ ಮೇಲೆ ಕೂಡಿಸಿಕೊಳ್ಳುತ್ತದೆ. ಗಾಳಿಗಿಂತ ಎಪ್ಪತ್ತು ಡಿಗ್ರಿ ಹೆಚ್ಚು ಕಾಯುವ ಪೆಟ್ಟಿಗೆ ಇಪ್ಪತ್ತರ ಚಳಿಯಲ್ಲಿ ತೊಂಬತ್ತಕ್ಕೆ ನಿಂತರೆ, ನಲವತ್ತರ ಸೆಕೆಯಲ್ಲಿ ನೂರಹತ್ತಕ್ಕೆ ಹೋಗುತ್ತದೆ. ನಮ್ಮ ಚಾರ್ಜರಿನ ತಾಮ್ರದ ಸುರುಳಿಯ ಮೇಲಿನ ಲೇಪ ತಾಳುವುದು ನೂರಿಪ್ಪತ್ತರ ತನಕ. ಅದರಾಚೆ ಅದು ಕಪ್ಪಾಗಿ ಉದುರಿ, ತಂತಿಗೆ ತಂತಿ ತಾಗಿ ಕಿಡಿ ಹಾರುತ್ತದೆ. ನನ್ನ ಕೆಲಸವೆಲ್ಲ ಇಷ್ಟೇ: ಗಾಳಿ ಎಷ್ಟು, ಸುರುಳಿ ಎಷ್ಟು, ನಡುವಿನ ಅಂತರ ಎಷ್ಟು.

ಇದನ್ನು ಕಲಿಸಿದವರು ಗಾಂವಕರ ಸಾಹೇಬರು, ನಮ್ಮ ವಿಭಾಗದ ಮುಖ್ಯಸ್ಥರು. ಎಲೆಅಡಿಕೆಯ ಕವಳ ಬಾಯಲ್ಲಿ ಇಟ್ಟುಕೊಂಡೇ ಬೈಯುವ ಕಲೆ ಅವರಿಗೆ ಸಿದ್ಧಿಸಿತ್ತು. ನಾನು ಸೇರಿದ ಮೊದಲ ಏಪ್ರಿಲ್ಲಿನಲ್ಲೇ ಆ ಬೈಗುಳ ನನ್ನ ಪಾಲಿಗೆ ಬಂತು. ಪರೀಕ್ಷೆ ನಡೆಯುವಾಗ ಫ್ಯಾನು ಹಾಕುವಂತಿಲ್ಲ, ಕಿಟಕಿ ತೆರೆಯುವಂತಿಲ್ಲ. ಗಾಳಿ ಆಡಿದರೆ ಪೆಟ್ಟಿಗೆ ತಣಿದು ಸುಳ್ಳು ಅಂಕಿ ಕೊಡುತ್ತದೆ. ಐದು ತಾಸು ಆ ಕೋಣೆಯಲ್ಲಿ ಬೆವರಿ ಬೆವರಿ ನನಗೆ ತಲೆ ಸುತ್ತಿತು. ಪಶ್ಚಿಮದ ಕಿಟಕಿಯನ್ನು ನಾಲ್ಕು ಬೆರಳಿನಷ್ಟು ತೆರೆದೆ. ಸಮುದ್ರದ ಗಾಳಿ ಬಂತು ನೋಡಿ, ಜೀವ ಬಂದಂತಾಯಿತು. ಅಷ್ಟರಲ್ಲಿ ಸಾಹೇಬರೂ ಬಂದರು. ಗೋಡೆಯ ಕ್ಯಾಲೆಂಡರಿನ ಹಾಳೆ ಪಟಪಟ ಹೊಡೆದುಕೊಳ್ಳುತ್ತಿತ್ತು.

"ನಿಂಗೆ ಸೆಕೆ ಆತು ಅಂದ್ರೆ ನೀ ಹೊರಗೆ ಹೋಗಿ ನಿಂತ್ಕೊ ಮಾರಾಯ್ತಿ. ಪೆಟ್ಟಿಗೆಗೆ ಎಂತಕ್ಕೆ ಗಾಳಿ ಹಾಕ್ದೆ?" ಎಂದರು. ಇಡೀ ದಿನದ ಅಂಕಿಗಳ ಮೇಲೆ ಅಡ್ಡಗೆರೆ ಎಳೆದು, ಮರುದಿನ ಮೊದಲಿಂದ ಮಾಡಿಸಿದರು. ಅಳು ಬಂತು, ಸಿಟ್ಟೂ ಬಂತು. ಅವರು ಹೇಳಿದ್ದು ಸರಿಯೇ ಆಗಿತ್ತು.

ಆದರೆ ಗಿರಾಕಿಗಳ ಹತ್ತಿರ ಅವರು ಬೆಣ್ಣೆ. ಹೊನ್ನಾವರದ ಒಬ್ಬ ಟೀಚರಮ್ಮನ ಮನೆಯ ಸ್ಟೆಬಿಲೈಸರು ಪ್ರತಿ ಮೇ ತಿಂಗಳು ಕೆಡುತ್ತಿತ್ತು. ಮೂರನೇ ಸಲ ದೂರು ಬಂದಾಗ ನಾವಿಬ್ಬರೂ ಹೋದೆವು. ನೋಡಿದರೆ ಸ್ಟೆಬಿಲೈಸರಿಗೆ ಮಖಮಲ್ಲಿನ ಗವಸು, ಅಂಚಿಗೆ ಝಾಲರು, ಮೇಲೊಂದು ಗಣಪತಿ. "ಧೂಳು ಬೀಳ್ತದಲ್ಲ ಸಾಹೇಬ್ರೆ, ನಾನೇ ಕೈಯಾರೆ ಹೊಲಿದದ್ದು" ಎಂದರು ಅವರು, ಹೆಮ್ಮೆಯಿಂದ. ಸಾಹೇಬರು ಗಣಪತಿಗೆ ಕೈಮುಗಿದು ಎತ್ತಿ ಬೇರೆ ಕಡೆ ಇಟ್ಟರು. "ಬಾಳ ಚೆಂದ ಹೊಲಿದ್ರಿ ಅಕ್ಕ. ಈಗ ಇದನ್ನ ಟೀವಿಗೆ ಹಾಕಿ. ಇದಕ್ಕೆ ಮೇ ತಿಂಗಳಲ್ಲಿ ಕಂಬಳಿ ಬೇಡ" ಎಂದರು. ಆಮೇಲೆ ಅದು ಕೆಡಲಿಲ್ಲ. ಪೆಟ್ಟಿಗೆ ಎಷ್ಟು ಒಳ್ಳೆಯದು ಎನ್ನುವುದಕ್ಕಿಂತ ಅದು ಎಲ್ಲಿ ಕೂತಿದೆ ಎನ್ನುವುದು ದೊಡ್ಡದು ಎಂದು ಬರುವಾಗ ಬಸ್ಸಿನಲ್ಲಿ ಹೇಳಿದರು. ತಲೆಯಾಡಿಸಿದೆ. ತಲೆಗೆ ಹೋಗಿದ್ದು ಮಾತ್ರ ಎಷ್ಟೋ ವರ್ಷದ ಮೇಲೆ.

ಗಾಳಿಯ ಬಿಸಿ ಅಳೆಯುವುದು ಏನು ಮಹಾ ಎಂದು ಈಗಿನವರಿಗೆ ಅನ್ನಿಸಬಹುದು. ಆಗ ಗಾಜಿನ ಥರ್ಮಾಮೀಟರು. ಅದನ್ನು ಬರಿದೇ ಹಿಡಿದರೆ ಬಾಗಿಲು ತೆರೆದಾಗೊಂದು, ಮುಚ್ಚಿದಾಗೊಂದು ತೋರಿಸುತ್ತದೆ. ಅದಕ್ಕೆ ಹಿತ್ತಾಳೆಯ ಬಟ್ಟಲಿನಲ್ಲಿ ಎಣ್ಣೆ ತುಂಬಿ, ಅದರೊಳಗೆ ಥರ್ಮಾಮೀಟರು ಅದ್ದಿ, ಪೆಟ್ಟಿಗೆಯಿಂದ ಒಂದು ಮೀಟರು ದೂರ ಸ್ಟೂಲಿನ ಮೇಲೆ ಇಡಬೇಕು. ಎಣ್ಣೆ ನಿಧಾನವಾಗಿ ಕಾಯುತ್ತದೆ, ನಿಧಾನವಾಗಿ ತಣಿಯುತ್ತದೆ. ಗಾಳಿಯ ಚಂಚಲತೆಗೆ ಕುಣಿಯುವುದಿಲ್ಲ. ಟ್ರಾನ್ಸ್‌ಫಾರ್ಮರಿಗೆ ಹಾಕುವ ಎಣ್ಣೆ ಹುಬ್ಬಳ್ಳಿಯಿಂದ ಬರುತ್ತಿತ್ತು. ಒಂದು ವರ್ಷ ಬರಲೇ ಇಲ್ಲ. "ಎಣ್ಣೆ ಎಣ್ಣೆಯೇ" ಎಂದು ಸಾಹೇಬರು ಅಂಗಡಿಯಿಂದ ಕೊಬ್ಬರಿ ಎಣ್ಣೆ ತರಿಸಿದರು. ಆಮೇಲೆ ಬಟ್ಟಲಿನ ಎಣ್ಣೆ ದಿನದಿಂದ ದಿನಕ್ಕೆ ಇಳಿಯತೊಡಗಿತು. ಕಸ ಗುಡಿಸಲು ಬರುವ ಹೆಂಗಸು ತಲೆಗೆ ಹಚ್ಚಿಕೊಳ್ಳುತ್ತಾಳೆಂದು ನಾನು ಮನಸ್ಸಿನಲ್ಲೇ ತೀರ್ಮಾನಿಸಿದ್ದೆ. ಒಂದು ದಿನ ಬಾಗಿಲು ತೆರೆದರೆ ಸಾಹೇಬರು ಪ್ಯಾಂಟು ಮೇಲೆ ಸರಿಸಿ, ಬಟ್ಟಲಿಗೆ ಬೆರಳದ್ದಿ ಮೊಣಕಾಲಿಗೆ ತಿಕ್ಕಿಕೊಳ್ಳುತ್ತಿದ್ದರು. ಇಬ್ಬರೂ ಏನೂ ಕಾಣದವರಂತೆ ಇದ್ದುಬಿಟ್ಟೆವು. ಆ ಹೆಂಗಸಿನ ಮೇಲೆ ಸುಮ್ಮನೆ ಅನುಮಾನಪಟ್ಟೆನಲ್ಲ ಎಂದು ನಾಚಿಕೆಯಾಯಿತು.

ಇಷ್ಟಾದರೂ ಕೊಬ್ಬರಿ ಎಣ್ಣೆಯ ನಿಜವಾದ ಗುಣ ನಮಗೆ ಹೊಳೆದಿರಲಿಲ್ಲ. ಹುಟ್ಟಿದಾಗಿನಿಂದ ನೋಡಿದ ಎಣ್ಣೆ!

ಆ ಜನವರಿಯಲ್ಲಿ ಭಟ್ಕಳದ ಖಾದರ್ ಭಾಯಿ ಹನ್ನೆರಡು ಚಾರ್ಜರಿಗೆ ಹೇಳಿದ್ದರು. ಅವರದು ಬೋಟಿನ ಬಿಡಿಭಾಗಗಳ ಅಂಗಡಿ, ಸ್ವಂತದ್ದೊಂದು ಬೋಟೂ ಇತ್ತು. ಚಾರ್ಜರು ಕೂರುವುದು ಬೋಟಿನ ಇಂಜಿನ್ ಕೋಣೆಯಲ್ಲಿ. ಅಲ್ಲಿಯ ಗಾಳಿ ಐವತ್ತೈದು ಡಿಗ್ರಿ ಎಂದು ನಮ್ಮ ವಿನ್ಯಾಸದವರು ಬರೆದುಕೊಟ್ಟಿದ್ದರು. ಎಂದರೆ ಸುರುಳಿ ಗಾಳಿಗಿಂತ ಅರವತ್ತೈದು ಡಿಗ್ರಿ ಮಾತ್ರ ಹೆಚ್ಚು ಕಾಯಬಹುದು. ಎರಡೂ ಕೂಡಿ ನೂರಿಪ್ಪತ್ತು.

ಪರೀಕ್ಷೆಯ ದಿನ ಬೆಳಿಗ್ಗೆ ವಿಪರೀತ ಚಳಿ. ಹನ್ನೆರಡೂ ಒಂದೇ ನಮೂನೆಯವು, ಆದ್ದರಿಂದ ಪರೀಕ್ಷೆ ಒಂದಕ್ಕೇ. ಚಾರ್ಜರು ಚಾಲೂ ಮಾಡಿ ಥರ್ಮಾಮೀಟರು ಅದ್ದಲು ಹೋದರೆ ಬಟ್ಟಲಿನ ಎಣ್ಣೆ ಗಟ್ಟಿ. ಬೆಳ್ಳಗೆ, ಮೇಣದ ಹಾಗೆ. ಚಳಿಗಾಲದಲ್ಲಿ ನಮ್ಮ ಕಡೆಯ ಯಾವ ಹೆಂಗಸಾದರೂ ಮಾಡುವುದನ್ನೇ ನಾನೂ ಮಾಡಿದೆ. ಮನೆಯಲ್ಲಿ ಎಣ್ಣೆ ಶೀಶೆಯನ್ನು ಒಲೆಯ ಬದಿಗೆ ಇಡುತ್ತೇವಲ್ಲ, ಹಾಗೆ ಬಟ್ಟಲನ್ನು ಬೆಚ್ಚಗಾಗುತ್ತಿದ್ದ ಚಾರ್ಜರಿನ ಮುಚ್ಚಳದ ಮೇಲೆ ಇಟ್ಟೆ. ಎಣ್ಣೆ ಕರಗಿತು. ಥರ್ಮಾಮೀಟರು ಅದ್ದಿದೆ. ಈಗಲೇ ಸ್ಟೂಲಿಗೆ ಇಟ್ಟರೆ ಮತ್ತೆ ಗಟ್ಟಿಯಾದೀತು, ಬಿಸಿಲೇರಲಿ ಎಂದುಕೊಂಡೆ. ಅಷ್ಟರಲ್ಲಿ ಖಾದರ್ ಭಾಯಿಯ ಫೋನು, ಹೊರಗೆ ಟೆಂಪೋದವನ ಹಾರ್ನು, ಪ್ಯಾಕಿಂಗಿನವರ ಅವಸರ. ಬಟ್ಟಲು ಅಲ್ಲೇ ಉಳಿಯಿತು. ಒಂದು ಗಂಟೆಗೆ ಕೊನೆಯ ಅಂಕಿ ತೆಗೆದೆ. ಸುರುಳಿ ತೊಂಬತ್ತೊಂಬತ್ತು, ಗಾಳಿ ಮೂವತ್ತೇಳು, ಅಂತರ ಅರವತ್ತೆರಡು. ಪಾಸು. ಸಾಹೇಬರು ಸಹಿ ಹಾಕಿದರು. ಹನ್ನೆರಡೂ ಪೆಟ್ಟಿಗೆ ಅಂದೇ ಭಟ್ಕಳಕ್ಕೆ ಹೋದವು.

ಹತ್ತು ದಿನದ ಮೇಲೆ, ಕಚ್ಚಾ ವಹಿಯಿಂದ ರಿಜಿಸ್ಟರಿಗೆ ನಕಲು ಮಾಡುತ್ತಿದ್ದೆ. ಆ ವಾರದ ಗಾಳಿಯ ಅಂಕಿಗಳು ಸಾಲಾಗಿ ಇದ್ದವು: ಇಪ್ಪತ್ತಾರು, ಇಪ್ಪತ್ತೈದು, ಮೂವತ್ತೇಳು, ಇಪ್ಪತ್ತೈದು. ಮೂವತ್ತೇಳು! ಅದು ನಮ್ಮ ಕೋಣೆಯ ಮೇ ತಿಂಗಳ ಅಂಕಿ. ನಾನು ಸ್ವೆಟರ್ ಹಾಕಿಕೊಂಡು, ಮಧ್ಯಾಹ್ನವಾದರೂ ಅದನ್ನು ತೆಗೆಯದೆ, ಗಾಳಿ ಮೂವತ್ತೇಳು ಡಿಗ್ರಿ ಎಂದು ಬರೆದಿದ್ದೆ. ಬಟ್ಟಲು ಅಳೆದದ್ದು ಗಾಳಿಯನ್ನಲ್ಲ, ಚಾರ್ಜರಿನ ಬೆನ್ನನ್ನು. ನಿಜವಾದ ಗಾಳಿ ಇಪ್ಪತ್ತೈದು ಎಂದು ಹಿಡಿದರೆ ಅಂತರ ಎಪ್ಪತ್ತನಾಲ್ಕು. ಇಂಜಿನ್ ಕೋಣೆಯ ಐವತ್ತೈದು ಕೂಡಿಸಿದರೆ ನೂರಿಪ್ಪತ್ತೊಂಬತ್ತು. ಮರದ ಬೋಟು, ಪಕ್ಕದಲ್ಲೇ ಡೀಸೆಲ್ ಟಾಕಿ.

ಹೇಳದೇ ಇರಬಹುದು ಎಂಬ ಯೋಚನೆ ಬಂದಿತ್ತೇ ಎಂದು ಕೇಳಿದರೆ, ಬಂದಿತ್ತು. ಒಂದು ಲೋಟ ನೀರು ಕುಡಿಯುವಷ್ಟು ಹೊತ್ತು ಇತ್ತು. ಆಮೇಲೆ ರಿಜಿಸ್ಟರು ಹಿಡಿದುಕೊಂಡು ಸಾಹೇಬರ ಎದುರು ನಿಂತೆ.

ಅವರು ಅಂಕಿಯನ್ನು ನೋಡಿದರು, ಕೆಳಗಿನ ತಮ್ಮ ಸಹಿಯನ್ನು ನೋಡಿದರು. ಬೈಗುಳಕ್ಕೆ ಕಾದೆ. "ಲಲಿತಾ, ಆ ದಿನ ನಾ ತಲೆಗೆ ಮಫ್ಲರ್ ಕಟ್ಕಂಡೇ ಸಹಿ ಹಾಕಿದ್ದೆ ಅಲ್ದಾ?" ಎಂದರು. "ಹೌದು ಸರ್" ಎಂದೆ. "ಇಬ್ರೂ ಮರುಳೇ ಹಾಂಗಾರೆ. ನಡಿ, ಭಟ್ಕಳಕ್ಕೆ ಹೋಗ್ವ." ಹೊರಡುವ ಮೊದಲು ಮೇಲಿನವರಿಗೆ ಫೋನು ಮಾಡಿ, ತಪ್ಪು ಪರೀಕ್ಷಾ ಕೋಣೆಯದು, ಸಹಿ ತಮ್ಮದು ಎಂದರು. ನನ್ನ ಹೆಸರು ಎತ್ತಲಿಲ್ಲ.

ಖಾದರ್ ಭಾಯಿ ಅಂಗಡಿ ಬಾಗಿಲು ಹಾಕಿ ನಮ್ಮ ಜೊತೆ ಬೋಟು ಕಟ್ಟುವ ಬಂದರಿನ ಧಕ್ಕೆಗೆ ಬಂದರು. ಎರಡು ಪೆಟ್ಟಿಗೆ ಅಂಗಡಿಯಲ್ಲೇ ಇದ್ದವು. ಒಂಬತ್ತು, ಬೆಳಿಗ್ಗೆ ಹೋಗಿ ಮಧ್ಯಾಹ್ನಕ್ಕೆ ತಿರುಗಿ ಬರುವ ಬೋಟುಗಳಲ್ಲಿದ್ದವು. ಸಂಜೆಯೊಳಗೆ ಒಂಬತ್ತನ್ನೂ ಬಿಚ್ಚಿಸಿದೆವು. ಉಳಿದದ್ದು ಒಂದು. ಅದು ಖಾದರ್ ಭಾಯಿಯ ಸ್ವಂತ ಬೋಟು, ಆಳದ ಮೀನಿಗೆ ಹೋಗಿ ನಾಲ್ಕು ದಿನ. ವೈರ್‌ಲೆಸ್ಸಿನಲ್ಲಿ ಕೂಗಿ ಕೂಗಿ ಅವರ ಗಂಟಲು ಬಿತ್ತು, ಉತ್ತರ ಬರಲಿಲ್ಲ. "ನಾಳೆ ಬರಬೇಕು ಮೇಡಂ. ಇಂಜಿನ್ ಮೇಲೆ ನಮ್ಮ ಮಾಸ್ತಿ ಇದ್ದಾನೆ. ಹತ್ತೊಂಬತ್ತು ವರ್ಷದಿಂದ ಅವನೇ. ಅಲ್ಲಾಹ್ ಇದ್ದಾನೆ" ಎಂದರು. ಅವರ ಏಳು ಜನ ಅಲ್ಲಿದ್ದರು, ಅವರೇ ನನಗೆ ಸಮಾಧಾನ ಹೇಳುತ್ತಿದ್ದರು.

ಭಟ್ಕಳದ ಪಕ್ಕದ ಜಾಲಿಯಲ್ಲಿ ನನ್ನ ಅಕ್ಕನ ಮನೆಯಲ್ಲಿ ಉಳಿದು, ಮರುದಿನ ಬೆಳಿಗ್ಗೆ ಮತ್ತೆ ಧಕ್ಕೆಗೆ ಹೋದೆ. ಸಾಹೇಬರು ಆಗಲೇ ಅಲ್ಲಿದ್ದರು. ದೂರದಲ್ಲಿ ಬೋಟು ಕಂಡಾಗಲೆಲ್ಲ ನಾನು ಎದ್ದು ನಿಲ್ಲುವುದು, ಖಾದರ್ ಭಾಯಿ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿ "ನಮ್ಮದಲ್ಲ" ಎನ್ನುವುದು. ಹನ್ನೊಂದಾಯಿತು, ಒಂದಾಯಿತು. ಆ ಐದಾರು ತಾಸಿನಲ್ಲಿ ನನಗೆ ಗೊತ್ತಿದ್ದ ದೇವರಿಗೆಲ್ಲ ಹರಕೆ ಹೇಳಿಕೊಂಡೆ. ಮೂರು ಗಂಟೆಯ ಸುಮಾರಿಗೆ ಭಾಯಿ ಏನೂ ಹೇಳದೆ ಎದ್ದು ನಿಂತರು. ನೀಲಿ ಬೋಟು, ಹಸಿರು ಅಂಚು. ಏಳೂ ತಲೆಗಳನ್ನು ನಾನು ಎಣಿಸಿದೆ, ಎರಡು ಸಲ ಎಣಿಸಿದೆ.

ಇಂಜಿನ್ ಕೋಣೆಯ ತೂತಿನಿಂದ ಎಣ್ಣೆಮಸಿ ಬಳಿದುಕೊಂಡ ಒಬ್ಬ ಒಣಕಲು ಮನುಷ್ಯ ಮೇಲೆ ಬಂದ. ಅವನೇ ಮಾಸ್ತಿ. "ಅಣ್ಣ, ಆ ಚಾರ್ಜರ್ ಎಂತ ಆಯ್ತು?" ಎಂದೆ.

"ಆ ಹೊಸ ಪೆಟ್ಟಿಗೆಯಾ? ಅದನ್ನ ಎರಡನೇ ದಿನವೇ ಬಂದ್ ಮಾಡ್ದೆ ಅಕ್ಕ. ಕಮಟು ವಾಸ್ನೆ ಬತ್ತಿತ್ತು. ನಾ ಅದರ ಬದಿಗೇ ಕೂತ್ಕಂಬವ, ನಂಗೆ ಗೊತ್ತಾಗ್ದೇ ಇರ್ತದಾ? ವೈರು ಕಿತ್ತಿಟ್ಟೆ. ದೀಪ ಕಮ್ಮಿ ಹಚ್ಚಿ ಸುಧಾರಿಸ್ಕಂಡ್ವು."

ಅಲ್ಲೇ ಬಲೆಯ ರಾಶಿಯ ಮೇಲೆ ಕೂತು ಅತ್ತುಬಿಟ್ಟೆ. ಇದೆಂಥ ಹೆಂಗಸಪ್ಪ ಎಂದು ಬೋಟಿನವರು ನೋಡುತ್ತಿದ್ದರು. ಖಾದರ್ ಭಾಯಿ ಎಲ್ಲಿಂದಲೋ ಸೋಡಾ ತಂದುಕೊಟ್ಟರು. ಪೆಟ್ಟಿಗೆ ಬಿಚ್ಚಿ ನೋಡಿದರೆ ಸುರುಳಿಯ ಒಂದು ಮಗ್ಗುಲು ಹುರಿದ ಕಾಫಿಬೀಜದ ಬಣ್ಣಕ್ಕೆ ಬಂದಿತ್ತು. ನನ್ನ ಥರ್ಮಾಮೀಟರಿಗೆ ಆಗದ ಕೆಲಸವನ್ನು ಮಾಸ್ತಿಯ ಮೂಗು ಮಾಡಿತ್ತು.

ಕತೆ ಇಲ್ಲಿಗೇ ಮುಗಿಯಬಹುದಿತ್ತು. ಆದರೆ ತಪ್ಪು ನನ್ನದೆಂದು ಹೇಳಿ, ಹೇಗೆ ಆಯಿತೆಂದು ವಿವರಿಸಿದಾಗ ಮಾಸ್ತಿ ಎಲ್ಲ ಕೇಳಿಕೊಂಡು ಒಂದೇ ಮಾತು ಕೇಳಿದ. "ಐವತ್ತೈದು ಅಂತ ಹೇಳ್ತ್ರಿ. ಇಲ್ಲಿ ಇಳ್ದು ನೋಡ್ದವ್ರು ಯಾರು?" ಆ ಅಂಕಿ ಯಾವುದೋ ಪುಸ್ತಕದಿಂದ ಬಂದದ್ದು. ನಮ್ಮಲ್ಲಿ ಒಬ್ಬರೂ ಬೋಟಿನ ಹೊಟ್ಟೆಗೆ ಇಳಿದವರಲ್ಲ.

ಕಟ್ಟಿಹಾಕಿದ ಬೋಟಿನಲ್ಲೇ ಇಂಜಿನ್ ಚಾಲೂ ಮಾಡಿಸಿ ಒಂದು ತಾಸು ಓಡಿಸಿದೆವು. ಸಾಹೇಬರ ಮೊಣಕಾಲು ಆ ಏಣಿಗೆ ಒಪ್ಪಲಿಲ್ಲ, ನಾನು ಸೀರೆ ಸೊಂಟಕ್ಕೆ ಸಿಕ್ಕಿಸಿ, ಜೊತೆಗೆ ತಂದಿದ್ದ ಥರ್ಮಾಮೀಟರು ಹಿಡಿದು ಇಳಿದೆ. ಬಿಸಿ ಎದೆಗೆ ಗುದ್ದಿದ ಹಾಗಾಯಿತು. ಸದ್ದಿಗೆ ಕಿವಿ ಮುಚ್ಚಿತು. ಅಂಕಿ ನಿಲ್ಲುವ ತನಕ ಅಲ್ಲಿರಲಾಗದೆ ಎರಡು ಸಲ ಮೇಲೆ ಬಂದು ಉಸಿರು ತೆಗೆದುಕೊಂಡು ಮತ್ತೆ ಇಳಿದೆ. ಮಾಸ್ತಿ ಮಾತ್ರ ಒಂದು ಗೋಣಿಯ ಮೇಲೆ ಕೂತೇ ಇದ್ದ. ಪಕ್ಕದಲ್ಲಿ ನೀರಿನ ಕ್ಯಾನು, ಮೊಳೆಗೆ ತೂಗುಹಾಕಿದ ಟವೆಲ್ಲು. ಅದೇ ಅವನ ಕಚೇರಿ.

"ಎಷ್ಟು?" ಎಂದು ಸಾಹೇಬರು ಮೇಲಿಂದ ಕೂಗಿದರು.

"ಅರವತ್ತಮೂರು."

"ಸಮಾ ನೋಡು!"

"ಮೂರು ಸಲ ನೋಡ್ದೆ ಸರ್!"

ನನ್ನ ಪರೀಕ್ಷೆ ತಪ್ಪಿಲ್ಲದೆ ನಡೆದಿದ್ದರೂ ಅದು ಈ ಜಾಗಕ್ಕೆ ಸುಳ್ಳೇ ಆಗುತ್ತಿತ್ತು. ಇಂಜಿನ್ ನಿಲ್ಲಿಸಿ ಮಾಸ್ತಿ ಟವೆಲ್ಲಿನಿಂದ ಮುಖ ಒರೆಸಿಕೊಂಡ. ಕುಹಕ ಇಲ್ಲದೆ, ತಿಳಿಯಬೇಕೆಂದೇ ಕೇಳಿದ: "ಪೆಟ್ಟಿಗೆಗೆ ಎಷ್ಟು ಸೆಕೆ ಆದ್ರೆ ಅಡ್ಡಿಲ್ಲ ಅಂತ ನಿಮ್ಮ ಪುಸ್ತಕದಲ್ಲಿ ಬರ್ದಿದ್ರು. ಮನುಷ್ಯರಿಗೆ ಎಷ್ಟಾದ್ರೆ ಅಡ್ಡಿಲ್ಲ ಅಂತ ಬರ್ದಿದ್ರಾ?"

ಮೇಲಿದ್ದ ಸಾಹೇಬರಿಗೂ ಪ್ರಶ್ನೆ ಕೇಳಿಸಿತ್ತು. ಕುಮಟಾಕ್ಕೆ ಬರುವ ಬಸ್ಸು ಶರಾವತಿಯ ಸೇತುವೆ ದಾಟಿತು. ಆಗ ಸಾಹೇಬರು, "ನಮ್ಮ ಪುಸ್ತಕದಲ್ಲಿ ಮನುಷ್ಯರಿಗೆ ಸಾಲು ಇಲ್ಲ ಲಲಿತಾ. ಪೆಟ್ಟಿಗೆಗೆ ಇದ್ದು. ಪೆ‌ಟ್ಟಿಗೆ ಹೆಸರಲ್ಲೇ ಅವಂಗೂ ಬರಿ" ಎಂದರು.

ದಪ್ಪ ತಂತಿ ಹಾಕಿ ಅರವತ್ತೈದು ಡಿಗ್ರಿಯ ಗಾಳಿಯಲ್ಲೂ ತಾಳುವ ಚಾರ್ಜರು ಮಾಡಬಹುದು ಎಂದು ವಿನ್ಯಾಸದವರು ಹೇಳಿದರು. ಮಾಡಬಹುದಿತ್ತು, ಸುಳ್ಳಲ್ಲ. ತಂತಿಯನ್ನು ದಪ್ಪ ಮಾಡಿಸಿದೆವು, ಆದರೆ ಪಟ್ಟಿಯ ಮೇಲೆ ಅರವತ್ತೈದು ಬರೆಯಲು ಸಾಹೇಬರು ಒಪ್ಪಲಿಲ್ಲ. ಐವತ್ತು ಎಂದೇ ಬರೆಸಿದರು. ಜೊತೆಗೆ ಒಂದು ಷರತ್ತು: ಬಿಸಿ ಗಾಳಿಯನ್ನು ಹೊರಗೆ ತಳ್ಳುವ ಫ್ಯಾನು ಇಲ್ಲದ ಇಂಜಿನ್ ಕೋಣೆಗೆ ನಮ್ಮ ಗ್ಯಾರಂಟಿ ಇಲ್ಲ. ಮೇಲಿನವರ ಜೊತೆ ಇದಕ್ಕಾಗಿ ಅವರು ಜಗಳವಾಡಿದ್ದು ಗೋಡೆಯಾಚೆ ನನಗೆ ಕೇಳಿಸುತ್ತಿತ್ತು. ಫಾರ್ಮಿನ ಮೊದಲ ಸಾಲೂ ಆ ವಾರದ್ದೇ. ಅಂಕಿ ಬರೆಯುವ ಮೊದಲು ಮೈಯನ್ನು ಕೇಳಬೇಕು ಎಂದು ನಾನೇ ಸೇರಿಸಿದ್ದು. ಆಮೇಲೆ ಬಟ್ಟಲು ಹೋಗಿ ಬಿಸಿ ಅಳೆಯುವ ತಂತಿಯ ಸೂಜಿಗಳು ಬಂದವು, ಈಗ ಗುಂಡಿ ಒತ್ತಿದರೆ ಬೇಕಾದ ಸೆಕೆ ಹುಟ್ಟಿಸುವ ಕಪಾಟು ಬಂದಿದೆ. ಗುಂಡಿ ಒತ್ತುವವರ ಕೈ ಮಾತ್ರ ಇನ್ನೂ ಮನುಷ್ಯರದ್ದೇ ಆದ್ದರಿಂದ ಆ ಸಾಲನ್ನು ತೆಗೆಯಬೇಡಿ.

ಫ್ಯಾನಿಗೆ ಖಾದರ್ ಭಾಯಿ ತಕ್ಷಣ ಒಪ್ಪಲಿಲ್ಲ. "ಅರೆ ಮೇಡಂ, ಮೇಲೆ ತೂತು ಹಾಕಿದ್ರೆ ಸಮುದ್ರದ ನೀರು ಒಳಗೆ ಬರ್ತದೆ. ಇಂಜಿನ್ ಹೋದ್ರೆ ಬೋಟೇ ಹೋಯ್ತು." ಅವರ ಮಾತೂ ಸರಿಯೇ. ಮಾಸ್ತಿಯೇ ದಾರಿ ತೋರಿಸಿದ. "ಪೈಪು ಮೇಲೆ ತಂದು ಬಾಯಿ ಕೆಳಗೆ ಬಗ್ಸಿದ್ರೆ ನೀರು ಬರೂದಿಲ್ಲ ಭಾಯಿ. ನಾ ಮಾಡ್ಸಿ ಕೊಡ್ತೆ." ಇಷ್ಟು ವರ್ಷ ಇದನ್ನು ಯಾಕೆ ಹೇಳಲಿಲ್ಲ ಎಂದು ಭಾಯಿ ಕೇಳಿದರು. "ನೀವು ಕೇಳ್ಲಿಲ್ಲ" ಎಂದ. ಆ ವಾರವೇ ಪೈಪು ಬಂತು.

ಹೊಸ ಚಾರ್ಜರು ಕೂರಿಸಿದ ದಿನ ನಾವಿಬ್ಬರೂ ಮತ್ತೆ ಹೋದೆವು. ಈ ಸಲ ಸಾಹೇಬರು ಹಟಮಾಡಿ, ನಾಲ್ಕು ಜನರ ಕೈ ಹಿಡಿದು ತಾವೇ ಕೆಳಗಿಳಿದರು. ಇಂಜಿನ್ ಒಂದು ತಾಸು ಓಡಿತು. ತಲೆಯ ಮೇಲೆ ಫ್ಯಾನು ಗುಂಯ್‌ಗುಡುತ್ತಿತ್ತು. ಥರ್ಮಾಮೀಟರು ನಲವತ್ತೆಂಟಕ್ಕೆ ನಿಂತಿತು. ನಾನು ಅಂಕಿ ಕೂಗಿದೆ, ಸಾಹೇಬರು ಬರೆದುಕೊಂಡರು.

"ಪೆಟ್ಟಿಗೆಗೆ ಸೆಕೆ ಆತದೆ ಅಂದ ಮೇಲೆ ನಂಗೂ ಗಾಳಿ ಬಂತು ಅಕ್ಕ" ಎಂದು ಮಾಸ್ತಿ ನಕ್ಕ. ಹತ್ತೊಂಬತ್ತು ವರ್ಷ ಅವನು ಕೂತಿದ್ದು ಅದೇ ಗೋಣಿಯ ಮೇಲೆ. ನಾವೂ ನಕ್ಕೆವು, ಆದರೆ ನನಗೆ ಅವನ ಮುಖ ನೋಡಲಾಗಲಿಲ್ಲ.

ಮೇಲೆ ಬಂದು ನಾನು ರಿಜಿಸ್ಟರು ತೆಗೆದು ನೋಡಿದೆ. ಷರಾ ಎಂಬ ಕಾಲಮ್ಮಿನಲ್ಲಿ ನಾವು ಯಾವಾಗಲೂ 'ಮಾನದಂಡದ ಪ್ರಕಾರ ಸರಿ ಇದೆ' ಎಂದು ಬರೆಯುವ ಪದ್ಧತಿ. ಸಾಹೇಬರು ಎಣ್ಣೆಮಸಿ ಮೆತ್ತಿದ ಕೈಯಲ್ಲೇ ಅಲ್ಲಿ ಬರೆದು ಸಹಿ ಹಾಕಿದ್ದರು: 'ಪೆಟ್ಟಿಗೆಗೆ ಅಡ್ಡಿಲ್ಲ. ಮಾಸ್ತಿಗೂ ಅಡ್ಡಿಲ್ಲ.'